ಹೊಸಿಲು ದಾಟುವ ಹುಲಿಮರಿ

ಪರೀಕ್ಷೆ ಎಂದರೆ ಮನುಷ್ಯರ ಮಕ್ಕಳಿಗೆ ಮಾತ್ರ ಬಂದ ಕಷ್ಟ ಎಂದು ಯಾರಾದರೂ ತಿಳಿದಿದ್ದರೆ ಅವರು 2013ರ ನವೆಂಬರ್‌ನಲ್ಲಿ ವಾಷಿಂಗ್ಟನ್‌ನಲ್ಲಿ ನಡೆದದ್ದನ್ನು ಕೇಳಬೇಕು. ಅಮೆರಿಕದ ಆ ರಾಜಧಾನಿಯ ರಾಷ್ಟ್ರೀಯ ಮೃಗಾಲಯದಲ್ಲಿ ಮೂರು ತಿಂಗಳ ಎರಡು ಹುಲಿಮರಿಗಳು ಅಂದು ಪರೀಕ್ಷೆಗೆ ಬಂದಿದ್ದವು. ವಿಷಯ: ಈಜು. ಪರೀಕ್ಷಕರು: ಅವುಗಳನ್ನು ನೋಡಿಕೊಳ್ಳುವ ಪಾಲಕರೇ. ಮರಿಗಳನ್ನು ಒಂದೊಂದಾಗಿ ಎತ್ತಿ ತಂದು, ಆವರಣದ ಕಂದಕದಲ್ಲಿ ಆಳವಿಲ್ಲದ ಕಡೆ ನೀರಿಗೆ ಬಿಟ್ಟರು. ಮರಿ ತಲೆಯನ್ನು ನೀರಿನ ಮೇಲೆ ಹಿಡಿದುಕೊಳ್ಳಬೇಕು. ದಡ ಯಾವ ಕಡೆ ಇದೆಯೆಂದು ತಾನೇ ಕಂಡುಕೊಳ್ಳಬೇಕು. ಅಲ್ಲಿಯವರೆಗೆ ಈಜಿ, ಯಾರ ಸಹಾಯವೂ ಇಲ್ಲದೆ ಮೇಲೆ ಹತ್ತಬೇಕು. ಇಷ್ಟೇ ಪ್ರಶ್ನೆಪತ್ರಿಕೆ. ಇದರಲ್ಲಿ ಆಯ್ಕೆಯೂ ಇಲ್ಲ, ಕೃಪಾಂಕವೂ ಇಲ್ಲ.

ಎರಡೂ ಪಾಸಾದವು. ಆ ತಿಂಗಳಲ್ಲೇ ಅವುಗಳನ್ನು ಸಾರ್ವಜನಿಕರ ಮುಂದೆ ಬಿಡಲಾಯಿತು. ಮರಿಗಳು ಹುಟ್ಟಿದ್ದು ಆಗಸ್ಟ್ 5ರಂದು. ಅಂದರೆ ಹುಟ್ಟಿದ ಸುದ್ದಿ ಪತ್ರಿಕೆಯಲ್ಲಿ ಬಂದು, ಊರಿನ ಮಕ್ಕಳೆಲ್ಲ ಅಪ್ಪ ಅಮ್ಮನ ಬೆನ್ನು ಹತ್ತಿ ಮೂರು ತಿಂಗಳ ಮೇಲಾಗಿತ್ತು.

ಇದು ವಾಷಿಂಗ್ಟನ್ನಿನ ಕಥೆ ಮಾತ್ರವಲ್ಲ. ಎಲ್ಲಿಯೇ ಆಗಲಿ ಹುಲಿ ಮರಿ ಹಾಕಿದೆ ಎಂಬ ಸುದ್ದಿ ಹೊರಬಿದ್ದರೆ ಸಾಕು, ಟಿಕೆಟ್ ಕೊಡುವ ಕಿಟಕಿಯಲ್ಲಿ ಮೊದಲ ಪ್ರಶ್ನೆ "ಮರಿ ಎಲ್ಲಿ?" ಎಂಬುದು. ಇನ್ನೂ ಬಿಟ್ಟಿಲ್ಲ ಎಂಬ ಉತ್ತರ ಬಂದಾಗ ಜನರಿಗೆ ನಿರಾಸೆ. ಅಧಿಕಾರಿಗಳ ಬಿಗುಮಾನ ಎನ್ನುವವರೂ ಇದ್ದಾರೆ, ಮಂತ್ರಿಗಳ ದಿನಾಂಕಕ್ಕೆ ಕಾಯುತ್ತಿದ್ದಾರೆ ಎನ್ನುವವರೂ ಇದ್ದಾರೆ. ಆದರೆ ಇದಕ್ಕೆ ಸರಿಯಾದ ಉತ್ತರ ಮನೆಯ ಅಜ್ಜಿಗೆ ಗೊತ್ತು. ಬಾಣಂತಿ ಕೋಣೆಗೆ ಕಂಡಕಂಡವರನ್ನು ಬಿಡಬಾರದು, ಎಳೆಗೂಸನ್ನು ಬೀದಿಗೆ ತರಬಾರದು ಎಂದು ಆಕೆ ಹೇಳುತ್ತಲೇ ಬಂದಿದ್ದಾಳೆ. ಆಕೆ ಅದನ್ನು ದೃಷ್ಟಿ ಎನ್ನುತ್ತಾಳೆ. ಮೃಗಾಲಯದ ವೈದ್ಯರು ಸೋಂಕು ಎನ್ನುತ್ತಾರೆ, ತಾಯಿಯ ಒತ್ತಡ ಎನ್ನುತ್ತಾರೆ. ಬಾಗಿಲು ಹಾಕುವ ವಿಚಾರದಲ್ಲಿ ಇಬ್ಬರದೂ ಒಂದೇ ಮಾತು.

ಹೆಣ್ಣುಹುಲಿಯ ಬಸಿರು ನೂರು ದಿನಗಳ ಆಸುಪಾಸು, ಮೂರೂವರೆ ತಿಂಗಳಷ್ಟೂ ಅಲ್ಲ. ಇನ್ನೂರು ಕಿಲೋ ಮೇಲ್ಪಟ್ಟು ತೂಗುವ ಗಂಡುಹುಲಿಯೂ ಹುಟ್ಟುವಾಗ ಒಂದು ಕಿಲೋ ಸಕ್ಕರೆಯ ಪೊಟ್ಟಣಕ್ಕಿಂತ ತುಸು ಭಾರ, ಅಷ್ಟೆ. ಕಣ್ಣು ಮುಚ್ಚಿರುತ್ತದೆ, ತೆರೆಯಲು ಒಂದು ವಾರದಿಂದ ಹನ್ನೆರಡು ದಿನ ಬೇಕು. ಮೈ ಬಿಸಿಯನ್ನು ತಾನೇ ಕಾಪಾಡಿಕೊಳ್ಳಲಾರದು. ಅಷ್ಟೇಕೆ, ತಾಯಿ ನಾಲಿಗೆಯಿಂದ ಹೊಟ್ಟೆಯ ಕೆಳಭಾಗವನ್ನು ನೆಕ್ಕದಿದ್ದರೆ ಮರಿಗೆ ಮೂತ್ರ ವಿಸರ್ಜನೆ ಮಾಡುವುದೂ ಬಾರದು. ತಾಯಿ ಬಿಟ್ಟ ಮರಿಗಳನ್ನು ಸಾಕುವವರು ಬೆಚ್ಚನೆಯ ನೀರಿನಲ್ಲಿ ಹತ್ತಿ ಅದ್ದಿ ಆ ಕೆಲಸವನ್ನು ಮಾಡಬೇಕಾಗುತ್ತದೆ, ಪ್ರತಿ ಸಲ ಹಾಲು ಕುಡಿಸಿದ ಮೇಲೂ, ಹಗಲು ರಾತ್ರಿ ಎನ್ನದೆ.

ತಂದೆಗೆ ಈ ಮನೆಯಲ್ಲಿ ಕೆಲಸವಿಲ್ಲ. ಮೃಗಾಲಯಗಳಲ್ಲಿ ಹೆರಿಗೆಗೆ ಮೊದಲೇ ಗಂಡುಹುಲಿಯನ್ನು ಸಾಮಾನ್ಯವಾಗಿ ಬೇರೆ ಕಡೆ ಇಡುತ್ತಾರೆ. ಎಲ್ಲ ಗಂಡುಗಳೂ ನಿರ್ದಯಿಗಳು ಎಂದೇನೂ ಅಲ್ಲ. 2011ರಲ್ಲಿ ರಾಜಸ್ಥಾನದ ರಣಥಂಬೋರ್ ಕಾಡಿನಲ್ಲಿ ತಾಯಿ ಸತ್ತ ಎರಡು ಹೆಣ್ಣುಮರಿಗಳನ್ನು ಒಂದು ಗಂಡುಹುಲಿ ಜೊತೆಗಿರಿಸಿಕೊಂಡು ಕಾಪಾಡಿದ್ದನ್ನು ಅರಣ್ಯ ಸಿಬ್ಬಂದಿ ಕಂಡು ಬೆರಗಾಗಿದ್ದರು. ಆದರೆ ಅಂಥ ಒಂದು ಉದಾಹರಣೆಯನ್ನು ನಂಬಿಕೊಂಡು ಬೋನಿನ ಬಾಗಿಲು ತೆಗೆಯುವ ಧೈರ್ಯ ಯಾವ ಪಾಲಕನಿಗೂ ಇರದು.

ಬಾಣಂತಿ ಹುಲಿಗೆ ಬೇಕಾದದ್ದು ಕತ್ತಲೆ, ಮೌನ ಮತ್ತು ಗುರುತಿನ ವಾಸನೆ. ಕಾಡಿನಲ್ಲಾದರೆ ಬಂಡೆಯ ಸಂದು, ದಟ್ಟ ಪೊದೆ. ಅಲ್ಲಿಯೂ ತುಸು ಅನುಮಾನ ಬಂದರೆ ಮರಿಗಳನ್ನು ಒಂದೊಂದಾಗಿ ಕುತ್ತಿಗೆ ಹಿಡಿದು ಹೊಸ ಜಾಗಕ್ಕೆ ಸಾಗಿಸುತ್ತದೆ. ಮೃಗಾಲಯದ ಹೆರಿಗೆಯ ಗೂಡಿನಲ್ಲಿ ಸಾಗಿಸಲು ಹೊಸ ಜಾಗವೇ ಇಲ್ಲ. ಅಪರಿಚಿತ ದನಿ ಕೇಳಿದರೆ, ಗೋಡೆಯಾಚೆ ಗದ್ದಲವಾದರೆ, ಅದು ಮರಿಯನ್ನು ಬಾಯಲ್ಲಿ ಕಚ್ಚಿಕೊಂಡು ಅತ್ತಿಂದಿತ್ತ ತಿರುಗುತ್ತಲೇ ಇರುತ್ತದೆ. ಆ ಗಾಬರಿಯಲ್ಲಿ ಹಲ್ಲು ನಾಟಬಹುದು. ಹಾಲು ಕೊಡುವುದನ್ನು ನಿಲ್ಲಿಸಬಹುದು. ಕೆಲವೊಮ್ಮೆ ಮರಿಯನ್ನು ಕೊಂದು ತಿಂದುಬಿಡುವುದೂ ಉಂಟು. ಆದ್ದರಿಂದಲೇ ಗೂಡಿನೊಳಗೆ ಪುಟ್ಟ ಕ್ಯಾಮೆರಾ ಇರಿಸಿ, ದೂರದ ಕೋಣೆಯಲ್ಲಿ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯುವ ಪದ್ಧತಿ ಬಂದದ್ದು. ಮರಿ ಗಂಡೋ ಹೆಣ್ಣೋ ಎಂಬುದು ಎಷ್ಟೋ ಸಲ ವಾರಗಟ್ಟಲೆ ಪಾಲಕರಿಗೇ ಗೊತ್ತಿರುವುದಿಲ್ಲ.

ಇಷ್ಟೆಲ್ಲ ಎಚ್ಚರ ವಹಿಸಿದರೂ ಏನಾಗಬಹುದು ಎಂಬುದಕ್ಕೆ ಲಂಡನ್ ಮೃಗಾಲಯದ ಮೆಲಾಟಿಯ ಕಥೆ ಇದೆ. ಅದೇ 2013ರ ಮಾರ್ಚಿಯಲ್ಲಿ ಲಂಡನ್ನಿನಲ್ಲಿ ಸುಮಾತ್ರಾ ಹುಲಿಗಳಿಗೆಂದು ಲಕ್ಷಾಂತರ ಪೌಂಡ್ ಖರ್ಚಿನಲ್ಲಿ ಹೊಸ ಆವರಣ ಕಟ್ಟಿದ್ದರು. ಆಸ್ಟ್ರೇಲಿಯಾದ ಪರ್ತ್‌ನಿಂದ ಬಂದ ಹೆಣ್ಣು ಮೆಲಾಟಿ, ಅಮೆರಿಕದಿಂದ ಬಂದ ಗಂಡು ಜೇಜೇ. ಸೆಪ್ಟೆಂಬರ್ 22ರಂದು ಮೆಲಾಟಿ ಒಂದು ಮರಿ ಹಾಕಿತು. ಆ ಮೃಗಾಲಯದಲ್ಲಿ ಹುಲಿಮರಿ ಹುಟ್ಟಿ 17 ವರ್ಷಗಳಾಗಿದ್ದವು. ಊರಿಗೆ ಊರೇ ಸಂಭ್ರಮಿಸಿತು.

ಪಾಲಕರು ಒಳಗೆ ಕಾಲಿಡಲಿಲ್ಲ. ತಾಯಿಯನ್ನು ಒಳಗೇ ಕೂಡಿಹಾಕಿದರೆ ಅದು ಕಳವಳಗೊಂಡೀತು ಎಂದು ಹೊರಗಿನ ಅಂಗಳಕ್ಕೆ ಓಡಾಡುವ ಸ್ವಾತಂತ್ರ್ಯವನ್ನು ಮಾತ್ರ ಕೊಟ್ಟಿದ್ದರು. ಅಕ್ಟೋಬರ್ ನಡುವಿನಲ್ಲಿ ಒಂದು ದಿನ ಕ್ಯಾಮೆರಾದಲ್ಲಿ ಮರಿ ಕಾಣಲಿಲ್ಲ. ಹುಡುಕಿದಾಗ ಅಂಗಳದ ಕೊಳದ ಅಂಚಿನಲ್ಲಿ ಅದರ ದೇಹ ಸಿಕ್ಕಿತು. ಮೂರು ವಾರದ ಮರಿಯನ್ನು ತಾಯಿ ಹೊರಗೆ ಹೊತ್ತು ತಂದಿತ್ತು. ಮರಿ ನೀರಿನಲ್ಲಿ ಮುಳುಗಿ ಸತ್ತಿತ್ತು ಎಂದು ಶವಪರೀಕ್ಷೆ ಹೇಳಿತು. ಅದು ಗಂಡು ಎಂಬುದು ತಿಳಿದದ್ದೂ ಆಗಲೇ.

ಇಲ್ಲಿ ಯಾರನ್ನು ದೂರುವುದು? ತಾಯಿಯನ್ನು ಒಳಗೆ ಕೂಡಿಹಾಕಿ, ಅದು ಮರಿಯನ್ನು ಕೊಂದಿದ್ದರೆ ಆಗಲೂ ಜನ ಮೃಗಾಲಯವನ್ನೇ ಬೈಯುತ್ತಿದ್ದರು. ಸ್ವಾತಂತ್ರ್ಯ ಕೊಟ್ಟದ್ದು ತಪ್ಪಲ್ಲ, ಆದರೆ ಆ ಸ್ವಾತಂತ್ರ್ಯದ ದಾರಿಯಲ್ಲಿ ನೀರಿತ್ತು. ದೊಡ್ಡ ಹುಲಿಗೆ ಆಟದ ಕೊಳವಾಗಿದ್ದದ್ದು ಮೂರು ವಾರದ ಕೂಸಿಗೆ ಬಾವಿಯಾಯಿತು.

ಮರುವರ್ಷ ಫೆಬ್ರವರಿ 3ರಂದು ಅದೇ ಮೆಲಾಟಿ ಮೂರು ಮರಿ ಹಾಕಿತು. ಆ ಸಲ ಕ್ಯಾಮೆರಾದ ಮುಂದೆ ಕೂತವರಿಗೆ ಹೇಗಿದ್ದಿರಬೇಕು ಎಂಬುದನ್ನು ಊಹಿಸಿಕೊಳ್ಳಬಹುದು. ಎರಡು ಗಂಡು, ಒಂದು ಹೆಣ್ಣು. ಮೂರೂ ಬದುಕಿದವು, ಬೆಳೆದವು, ಜನರ ಮುಂದೆ ಬಂದವು. ಮೆಲಾಟಿ 2016ರಲ್ಲಿ ಮತ್ತೆ ಎರಡು ಮರಿಗಳಿಗೆ ತಾಯಿಯಾಯಿತು. ಅದರ ಕೊನೆ ಮಾತ್ರ ಒಳ್ಳೆಯದಾಗಲಿಲ್ಲ. 2019ರ ಫೆಬ್ರವರಿಯಲ್ಲಿ ಹೊಸದಾಗಿ ತಂದ ಗಂಡುಹುಲಿ ಅಸೀಮ್ ಜೊತೆ ಮೊದಲ ಸಲ ಬಿಟ್ಟಾಗ ಜಗಳವಾಗಿ ಅದರ ದಾಳಿಗೆ ಬಲಿಯಾಯಿತು. ವರ್ಷಾನುಗಟ್ಟಲೆ ಪಳಗಿದ ಪಾಲಕರ ಲೆಕ್ಕಾಚಾರವೂ ಹುಲಿಯ ಮುಂದೆ ಕೈಕೊಡುತ್ತದೆ.

ನೀರಿನ ವಿಷಯಕ್ಕೆ ಮರಳಿದರೆ, ಹುಲಿಯ ಆವರಣದಲ್ಲಿ ಕಂದಕ ಯಾಕಿರಬೇಕು ಎಂದು ಕೇಳುವ ಜಾಣ ವಿದ್ಯಾರ್ಥಿಗಳು ಇರುತ್ತಾರೆ. ಹಿಂದಿನ ಕಾಲದ ಪ್ರಾಣಿ ಸಂಗ್ರಹಾಲಯಗಳಲ್ಲಿ ಕಂದಕ ಇರಲಿಲ್ಲ, ಕಬ್ಬಿಣದ ಸರಳುಗಳಿದ್ದವು. ಅದನ್ನು ಬದಲಿಸಿದವನು ಜರ್ಮನಿಯ ಪ್ರಾಣಿ ವ್ಯಾಪಾರಿ ಕಾರ್ಲ್ ಹಾಗೆನ್‌ಬೆಕ್. ಯಾವ ಪ್ರಾಣಿ ಎಷ್ಟು ದೂರ ನೆಗೆಯುತ್ತದೆ, ಎಷ್ಟು ಎತ್ತರ ಜಿಗಿಯುತ್ತದೆ ಎಂದು ಪರೀಕ್ಷಿಸಿ ನೋಡಿ, ಅದಕ್ಕೆ ತಕ್ಕಂತೆ ಕಂದಕ ತೋಡಿ, ಸರಳಿಲ್ಲದ ಆವರಣಗಳನ್ನು ಕಟ್ಟಿದ. 1907ರಲ್ಲಿ ಹ್ಯಾಂಬರ್ಗ್ ಹತ್ತಿರ ಅವನ ಪ್ರಾಣಿವನ ತೆರೆದಾಗ ಜನ ಬೆಕ್ಕಸಬೆರಗಾದರು. ನಡುವೆ ಏನೂ ಇಲ್ಲವೆಂಬಂತೆ ಸಿಂಹ ಎದುರಿಗೇ ಕೂತಿತ್ತು! ಮುಂದೆ ಜಗತ್ತಿನ ಮೃಗಾಲಯಗಳೆಲ್ಲ ಈ ದಾರಿ ಹಿಡಿದವು. 1892ರಲ್ಲಿ ಆರಂಭವಾದ ಮೈಸೂರಿನ ಶ್ರೀ ಚಾಮರಾಜೇಂದ್ರ ಮೃಗಾಲಯದಲ್ಲೂ ಕಂದಕದಾಚೆ ಅಡ್ಡಾಡುವ ಹುಲಿಯನ್ನು ನೋಡಿ ಬೆಳೆದ ತಲೆಮಾರುಗಳಿವೆ. ಬೆಳೆದ ಹುಲಿಯನ್ನು ಒಳಗೆ, ನೋಡುವವರನ್ನು ಹೊರಗೆ ಇರಿಸಲು ಮಾಡಿದ ಉಪಾಯ ಇದು. ಮರಿಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಮಾಡಿದ್ದಲ್ಲ. ವಾಷಿಂಗ್ಟನ್ನಿನ ಈಜು ಪರೀಕ್ಷೆ ಹುಟ್ಟಿದ್ದು ಇದೇ ಕಾರಣಕ್ಕೆ. ಅಲ್ಲಿ ನೀರು ತುಂಬಿದ ಕಂದಕವಿರುವ ಅಂಗಳಕ್ಕೆ ಇಳಿಯುವ ಸಿಂಹದ ಮರಿಯಾಗಲಿ, ಹುಲಿಮರಿಯಾಗಲಿ, ಮೊದಲು ಈಜಿ ತೋರಿಸಬೇಕು.

ಇನ್ನು ಸೋಂಕಿನ ಮಾತು. ಹಸು ಈದ ಮನೆಯಲ್ಲಿ ಗಿಣ್ಣು ತಿಂದವರಿಗೆ ಆ ಮೊದಲ ಹಾಲಿನ ರುಚಿ ಗೊತ್ತು. ಹುಲಿಗೂ ಅಂಥ ಮೊದಲ ಹಾಲಿದೆ. ತಾಯಿಯ ಮೈಯಲ್ಲಿರುವ ರೋಗನಿರೋಧಕ ವಸ್ತುಗಳು ಅದರ ಮೂಲಕ ಮರಿಗೆ ಇಳಿದು ಕೆಲವು ವಾರ ಕಾವಲು ಕಾಯುತ್ತವೆ. ಆಮೇಲೆ ನಿಧಾನವಾಗಿ ಕರಗುತ್ತವೆ. ಇಲ್ಲೊಂದು ತೊಡಕು. ತಾಯಿಯಿಂದ ಬಂದ ಕಾವಲು ಗಟ್ಟಿಯಾಗಿರುವಾಗ ಲಸಿಕೆ ಚುಚ್ಚಿದರೆ ಅದು ನಾಟುವುದಿಲ್ಲ. ಆ ಕಾವಲೇ ಲಸಿಕೆಯನ್ನೂ ಹೊರಗಿನ ಶತ್ರು ಎಂದು ಹೊಡೆದುಹಾಕುತ್ತದೆ. ಕಾವಲು ಪೂರ್ತಿ ಇಳಿಯಲಿ ಎಂದು ಕಾದರೆ, ಅಷ್ಟರಲ್ಲಿ ನಿಜವಾದ ಶತ್ರು ನುಗ್ಗಬಹುದು. ಯಾವ ಮರಿಯಲ್ಲಿ ಕಾವಲು ಯಾವ ದಿನ ಇಳಿಯುತ್ತದೆ ಎಂದು ಹೇಳಲು ಬರುವುದಿಲ್ಲ. ಆದ್ದರಿಂದ ಸುಮಾರು ಎಂಟನೇ ವಾರದಿಂದ ಆರಂಭಿಸಿ ಮೂರು ನಾಲ್ಕು ವಾರಗಳಿಗೊಮ್ಮೆ ಲಸಿಕೆಯನ್ನು ಮತ್ತೆ ಮತ್ತೆ ಕೊಡುತ್ತಾರೆ. ಮನೆಯ ಮಗುವಿಗೆ ತಿಂಗಳು ಲೆಕ್ಕ ಹಾಕಿ ಹಲವು ಸಲ ಲಸಿಕೆ ಹಾಕಿಸುವ ತಾಯಂದಿರಿಗೆ ಇದರ ಅವಸ್ಥೆ ಬಿಡಿಸಿ ಹೇಳಬೇಕಾಗಿಲ್ಲ.

ಮೃಗಾಲಯದವರ ನಿದ್ದೆ ಕೆಡಿಸುವ ಶತ್ರುವಿನ ಹೆಸರು ಫೆಲೈನ್ ಪ್ಯಾನ್‌ಲ್ಯೂಕೋಪೀನಿಯಾ. ಬೆಕ್ಕಿನ ಜಾತಿಗೆಲ್ಲ ತಗಲುವ ಈ ವೈರಸ್ ನಾಯಿಗಳ ಪಾರ್ವೊ ರೋಗದ ವೈರಸ್ಸಿನ ಹತ್ತಿರದ ನೆಂಟ. ಕರುಳನ್ನು ಹಾಳುಗೆಡವಿ, ರಕ್ತದ ಬಿಳಿಕಣಗಳನ್ನು ತೊಡೆದುಹಾಕುತ್ತದೆ. ನೆಲದ ಮೇಲೆ, ಹುಲ್ಲಿನಲ್ಲಿ ತಿಂಗಳುಗಟ್ಟಲೆ ಜೀವ ಹಿಡಿದುಕೊಂಡಿರುತ್ತದೆ. ಬೀದಿ ಬೆಕ್ಕಿನಿಂದ ಬರಬಹುದು, ಮನುಷ್ಯರ ಚಪ್ಪಲಿಯ ಅಡಿಯಲ್ಲಿ ಅಂಟಿಕೊಂಡೂ ಬರಬಹುದು. 2023ರ ಆಗಸ್ಟ್ ಕೊನೆ ಮತ್ತು ಸೆಪ್ಟೆಂಬರ್ ಮೊದಲಲ್ಲಿ ಬೆಂಗಳೂರು ಹತ್ತಿರದ ಬನ್ನೇರುಘಟ್ಟ ಜೈವಿಕ ಉದ್ಯಾನದಲ್ಲಿ ಈ ರೋಗ ಏಳು ಚಿರತೆ ಮರಿಗಳನ್ನು ಎರಡೇ ವಾರಗಳಲ್ಲಿ ಬಲಿ ತೆಗೆದುಕೊಂಡಿತು. ಅವೆಲ್ಲ ಲಸಿಕೆ ಹಾಕಿಸಿಕೊಂಡ ಮರಿಗಳು! ಲಸಿಕೆಯೇ ಸೋತ ಕಡೆ ಪಾಲಕನಿಗೆ ಉಳಿಯುವ ಆಯುಧ ದೂರ ಒಂದೇ.

ವಾಷಿಂಗ್ಟನ್ನಿಗೂ ಈ ರೋಗ ಹೊಸದಲ್ಲ. ಆ ಮೃಗಾಲಯದ ಹುಲಿಗಳ ಕಥೆಗೆ ಭಾರತದ ನಂಟೂ ಇದೆ. ಮಧ್ಯಪ್ರದೇಶದ ರೇವಾ ಮಹಾರಾಜರು 1951ರಲ್ಲಿ ಹಿಡಿದ ಬಿಳಿ ಹುಲಿ ಮೋಹನ್‌ನ ಮಗಳು ಮೋಹಿನಿ 1960ರ ಡಿಸೆಂಬರ್‌ನಲ್ಲಿ ಅಲ್ಲಿಗೆ ಹೋಯಿತು. ಅಧ್ಯಕ್ಷ ಐಸೆನ್‌ಹೋವರ್ ಅವರೇ ಶ್ವೇತಭವನದ ಅಂಗಳದಲ್ಲಿ ಅದನ್ನು ಬರಮಾಡಿಕೊಂಡರು. 1964ರ ಜನವರಿಯಲ್ಲಿ ಮೋಹಿನಿ ಹಾಕಿದ ಮೂರು ಮರಿಗಳಲ್ಲಿ ಒಂದು ಬಿಳಿ. ಅದು ರಾಜಕುಮಾರ್ ಎಂಬ ಗಂಡು. ವರ್ಷ ತುಂಬುವ ಮೊದಲೇ ಇದೇ ರೋಗಕ್ಕೆ ಅದು ತುತ್ತಾಯಿತು. ಬಿಳಿ ಮರಿಗಳನ್ನು ನೋಡಲು ಜನ ಮುಗಿಬೀಳುತ್ತಾರೆಂದು ಹತ್ತಿರದ ರಕ್ತಸಂಬಂಧಿಗಳನ್ನೇ ಜೋಡಿ ಮಾಡುತ್ತ ಹೋದ ಮೃಗಾಲಯಗಳಲ್ಲಿ ಮಾಲುಗಣ್ಣಿನ, ರೋಗಿಷ್ಠ ಮರಿಗಳು ಹುಟ್ಟಿದವು. ಕೊನೆಗೆ ಅಮೆರಿಕದ ಮೃಗಾಲಯಗಳ ಸಂಘವು 2011ರಲ್ಲಿ ತನ್ನ ಸದಸ್ಯರು ಬಿಳಿ ಹುಲಿಗಳನ್ನು ಬೆಳೆಸಬಾರದೆಂದು ನಿಷೇಧ ಹಾಕಿತು.

ಮರಿಗಳನ್ನು ಬೇಗ ತೋರಿಸಬೇಕೆಂಬ ಆಸೆ ಎಲ್ಲಿಗೆ ಮುಟ್ಟುತ್ತದೆ ಎಂಬುದನ್ನು ನೋಡಬೇಕಾದರೆ ಮೃಗಾಲಯದಿಂದ ಹೊರಗೆ, ದಾರಿಬದಿಯ ಪ್ರದರ್ಶನಗಳ ಕಡೆ ಹೋಗಬೇಕು. ಅಮೆರಿಕದಲ್ಲಿ ಬಹಳ ಕಾಲ ಒಂದು ವ್ಯಾಪಾರ ನಡೆದಿತ್ತು. ದುಡ್ಡು ಕೊಟ್ಟರೆ ಹುಲಿಮರಿಯನ್ನು ತೊಡೆಯ ಮೇಲೆ ಕೂರಿಸಿಕೊಂಡು, ಬಾಟಲಿಯಲ್ಲಿ ಹಾಲು ಕುಡಿಸುತ್ತ ಫೋಟೊ ತೆಗೆಸಿಕೊಳ್ಳಬಹುದು. ಎಂಟು ವಾರ ತುಂಬದ ಮರಿಗೆ ಸೋಂಕು ತಗಲುವ ಭಯ. ಹನ್ನೆರಡು ವಾರ ದಾಟಿದ ಮರಿಯಿಂದ ಜನರಿಗೆ ಅಪಾಯ. ಉಗುರು, ಹಲ್ಲು ಎರಡೂ ಅಷ್ಟರಲ್ಲಿ ಹುಲಿಯವಾಗಿರುತ್ತವೆ. ಆದ್ದರಿಂದ ಮರಿಯನ್ನು ಜನರ ಕೈಗೆ ಕೊಡಬಹುದಾದ ಅವಧಿ ಎಂಟರಿಂದ ಹನ್ನೆರಡನೇ ವಾರದವರೆಗೆ ಎಂದು ಅಲ್ಲಿನ ಸರ್ಕಾರಿ ಮಾರ್ಗಸೂಚಿಯೇ ಹೇಳುತ್ತಿತ್ತು. ನಾಲ್ಕೇ ನಾಲ್ಕು ವಾರ! ಆಮೇಲೆ? ಹೊಸ ಮರಿ ಬೇಕು. ವರ್ಷವಿಡೀ ಅಂಗಡಿ ನಡೆಯಬೇಕಾದರೆ ವರ್ಷವಿಡೀ ಮರಿಗಳು ಹುಟ್ಟುತ್ತಿರಬೇಕು. ತಾಯಿ ಬೇಗ ಮತ್ತೆ ಬೆದೆಗೆ ಬರಲೆಂದು ಹುಟ್ಟಿದ ಕೆಲವೇ ದಿನಗಳಲ್ಲಿ ಮರಿಯನ್ನು ಕಿತ್ತುಕೊಳ್ಳುತ್ತಿದ್ದರು. ಹನ್ನೆರಡು ವಾರ ದಾಟಿದ ಮರಿಗಳು ಎಲ್ಲಿಗೆ ಹೋಗುತ್ತಿದ್ದವು ಎಂಬುದಕ್ಕೆ ಸರಿಯಾದ ಲೆಕ್ಕ ಇಟ್ಟವರಿಲ್ಲ.

ಇಲ್ಲಿ ಒಂದು ಸಂಗತಿಯನ್ನು ಗಮನಿಸಬೇಕು. ವಾಷಿಂಗ್ಟನ್ನಿನ ಎರಡು ಮರಿಗಳು ತಾಯಿಯ ಪಕ್ಕದಲ್ಲಿ, ಜನರ ಕಣ್ಣಿಗೆ ಬೀಳದೆ ಬೆಳೆಯುತ್ತಿದ್ದ ಆ ಎಂಟರಿಂದ ಹನ್ನೆರಡನೇ ವಾರದ ಅವಧಿಯಲ್ಲೇ ಈ ಅಂಗಡಿಗಳ ಮರಿಗಳು ದಿನಕ್ಕೆ ಎಷ್ಟೋ ಕೈಗಳನ್ನು ದಾಟುತ್ತಿದ್ದವು. ಒಂದು ಕಡೆ ಮರಿ ಜನರ ಮುಂದೆ ಬರುವುದು ಯಾವ ವಯಸ್ಸಿಗೋ, ಇನ್ನೊಂದು ಕಡೆ ಅದೇ ವಯಸ್ಸಿಗೆ ಅದು ಹಳೆಯ ಸರಕು. ಒಳ್ಳೆಯ ಮೃಗಾಲಯ ಯಾವುದು, ಕೆಟ್ಟದ್ದು ಯಾವುದು ಎಂದು ಮಕ್ಕಳು ಕೇಳಿದರೆ ಪಾಲಕರು ಇದಕ್ಕಿಂತ ಸುಲಭವಾದ ಗುರುತು ಹೇಳಲಾರರು. ಮರಿಯನ್ನು ಕೈಗೆ ಕೊಡುತ್ತೇವೆ ಎನ್ನುವ ಕಡೆಗೆ ಟಿಕೆಟ್ ಕೊಳ್ಳಬಾರದು. ಕಾಯಿರಿ ಎನ್ನುವ ಕಡೆಗೆ ಮತ್ತೊಮ್ಮೆ ಹೋಗಬಹುದು.

ಥಾಯ್ಲೆಂಡಿನ ಕಾಂಚನಾಬುರಿಯಲ್ಲಿದ್ದ ಹುಲಿ ದೇವಾಲಯದ ಹೆಸರು ಪ್ರವಾಸಿಗರ ಬಾಯಲ್ಲಿ ಬಹಳ ಓಡಾಡಿತ್ತು. ಅಲ್ಲಿಯೂ ಮರಿಗೆ ಹಾಲು ಕುಡಿಸುವುದೇ ಆಕರ್ಷಣೆ. 2016ರಲ್ಲಿ ಸರ್ಕಾರದ ಅಧಿಕಾರಿಗಳು ಹುಲಿಗಳನ್ನು ವಶಪಡಿಸಿಕೊಳ್ಳಲು ಹೋದಾಗ 137 ಹುಲಿಗಳು ಸಿಕ್ಕವು. ಜೊತೆಗೆ ಅಡುಗೆಮನೆಯ ಶೈತ್ಯಪೆಟ್ಟಿಗೆಯಲ್ಲಿ 40 ಸತ್ತ ಮರಿಗಳು. ಅಮೆರಿಕ 2022ರ ಡಿಸೆಂಬರ್‌ನಲ್ಲಿ ಕಾಯಿದೆ ತಂದು ಸಾರ್ವಜನಿಕರು ಹುಲಿ, ಸಿಂಹದ ಮರಿಗಳನ್ನು ಮುಟ್ಟುವುದನ್ನೇ ನಿಷೇಧಿಸಿತು. ತಡವಾಯಿತು, ಆದರೂ ಬಂತು.

ಹಾಗಾದರೆ ತಾಯಿಯೇ ಬೇಡವೆಂದ ಮರಿಯ ಗತಿ? ಅದಕ್ಕೂ ವಾಷಿಂಗ್ಟನ್ನಿನಲ್ಲೇ ಉತ್ತರವಿದೆ. 2013ರ ಮರಿಗಳ ತಾಯಿ ದಮೈ, 2017ರ ಜುಲೈ 11ರಂದು ಇನ್ನೊಂದು ಗಂಡುಮರಿ ಹಾಕಿತು. ಹೆಸರು ರಕಾನ್. ಮೊದಲ ಹೆರಿಗೆಯಲ್ಲಿ ಎರಡು ಮರಿಗಳನ್ನು ಚೆನ್ನಾಗಿ ನೋಡಿಕೊಂಡ ಅದೇ ತಾಯಿಗೆ ಈ ಸಲ ಕೆಲವು ವಾರಗಳಲ್ಲೇ ಮರಿಯ ಮೇಲೆ ಆಸಕ್ತಿ ಹೋಯಿತು. ಹಾಲು ಸಾಲದೆ ಮರಿಯ ತೂಕ ಏರಲಿಲ್ಲ. ಪಾಲಕರು ಬೇರೆ ದಾರಿಯಿಲ್ಲದೆ ಅದನ್ನು ಬಾಟಲಿ ಹಾಲಿಗೆ ತಂದರು. ಹೊಟ್ಟೆ ತುಂಬಿತು, ಆದರೆ ಜೊತೆಗಾರ ಬೇಕಲ್ಲ? ಎಷ್ಟು ಜೋರಾಗಿ ಕಚ್ಚಿದರೆ ಆಟ, ಎಷ್ಟಾದರೆ ಜಗಳ ಎಂಬುದನ್ನು ಮರಿಗೆ ಇನ್ನೊಂದು ಮರಿಯೇ ಕಲಿಸಬೇಕು. ಮನುಷ್ಯರು ಕಲಿಸಲು ಬರುವುದಿಲ್ಲ.

ಅದೇ ಆಗಸ್ಟ್‌ನಲ್ಲಿ ಮೆಕ್ಸಿಕೋ ಗಡಿಯಲ್ಲಿ ತನಿಖೆಯವರು ಒಂದು ಕಾರು ನಿಲ್ಲಿಸಿ ನೋಡಿದಾಗ ಒಳಗೆ ಒಂದು ಪುಟ್ಟ ಹುಲಿಮರಿ ಮಲಗಿತ್ತು. ಕಳ್ಳಸಾಗಣೆಯ ಮಾಲು. ಅದನ್ನು ಸಾನ್ ಡಿಯಾಗೋ ಮೃಗಾಲಯದ ಸಫಾರಿ ಪಾರ್ಕಿಗೆ ಒಪ್ಪಿಸಿದರು, ಮೋಕಾ ಎಂದು ಹೆಸರಿಟ್ಟರು. ಸೆಪ್ಟೆಂಬರ್‌ನಲ್ಲಿ ರಕಾನ್‌ನನ್ನು ದೇಶದ ಆ ತುದಿಯಿಂದ ಈ ತುದಿಗೆ ಸಾಗಿಸಿ ಮೋಕಾನ ಜೊತೆ ಬಿಟ್ಟರು. ಒಂದು ತಾಯಿ ಕೈಬಿಟ್ಟ ಮರಿ, ಇನ್ನೊಂದು ತಾಯಿಯಿಂದ ಕದ್ದ ಮರಿ. ಒಂದು ಸುಮಾತ್ರಾ ತಳಿ, ಇನ್ನೊಂದು ಬಂಗಾಳ ತಳಿ. ಎರಡೂ ಕೂಡಿ ಉರುಳಾಡಿ, ಕಚ್ಚಾಡಿ, ಒಡಹುಟ್ಟಿದವರಂತೆ ಬೆಳೆದವು.

ಈ ಮರಿಗಳ ಹೆಸರಿನ ಬಗ್ಗೆಯೂ ಒಂದು ಮಾತು. ಸುಮಾತ್ರಾ ಹುಲಿಯ ತವರು ಇಂಡೊನೇಷ್ಯಾ ಆದ್ದರಿಂದ ಪರದೇಶದಲ್ಲಿ ಹುಟ್ಟಿದ ಮರಿಗಳಿಗೂ ಆ ನಾಡಿನ ಹೆಸರಿಡುವ ರೂಢಿಯಿದೆ. ಕೇಳಿದರೆ ಕನ್ನಡಿಗರಿಗೆ ಎಲ್ಲೋ ಪರಿಚಯದ ದನಿ! ಮೆಲಾಟಿ ಎಂದರೆ ಆ ಭಾಷೆಯಲ್ಲಿ ಮಲ್ಲಿಗೆ; ಮೂಲ ಸಂಸ್ಕೃತದ ಮಾಲತಿ. ಅದರ ಮರಿಗಳಲ್ಲಿ ಒಂದು ಬುಡಿ, ಅಂದರೆ ಬುದ್ಧಿ. ಹೆಣ್ಣುಮರಿ ಚಿಂತಾ. ನಮ್ಮಲ್ಲಿ ಚಿಂತೆಯೆಂದರೆ ಕಳವಳ, ಸಾಗರ ದಾಟುವಷ್ಟರಲ್ಲಿ ಅದು ಪ್ರೀತಿಯಾಗಿದೆ. ಮಕ್ಕಳನ್ನು ಹೆತ್ತವರಿಗೆ ಇವೆರಡರ ನಡುವಿನ ಅಂತರ ಅಷ್ಟೇನೂ ದೂರವೆನಿಸದು. ಮೂರನೆಯದು ನಕಲ್, ಪರೀಕ್ಷೆಯಲ್ಲಿ ಹೊಡೆಯುವ ನಕಲಲ್ಲ, ತುಂಟ ಎಂದು ಅರ್ಥ. ವಾಷಿಂಗ್ಟನ್ನಿನ ಹೆಣ್ಣುಮರಿ ಸುಕಚಿತ, ಸಂಸ್ಕೃತದ ಸುಖ ಮತ್ತು ಚಿತ್ತ ಸೇರಿ ಆದ ಆನಂದ. ಅದರ ಅಣ್ಣನೋ ತಮ್ಮನೋ ಆದ ಬಂದರ್ ಹೆಸರು ಕೇಳಿ ಹಿಂದಿ ಬಲ್ಲವರು ನಗುವುದು ಬೇಡ. ಅಲ್ಲಿಯ ಬಂದರ್ ಮಂಗಳೂರಿನ ಬಂದರೇ ಹೊರತು ಕೋತಿಯಲ್ಲ.

ಹೆಸರು ಚೆನ್ನಾಗಿದೆ, ಮರಿಯೂ ಮುದ್ದಾಗಿದೆ, ಆದರೆ ಬೋನಿನಲ್ಲಿ ಹುಟ್ಟಿದ ಹುಲಿಯಿಂದ ಕಾಡಿಗೇನು ಲಾಭ ಎಂದು ಕೇಳುವ ಹಿರಿಯರೂ ಇರುತ್ತಾರೆ. ನ್ಯಾಯವಾದ ಪ್ರಶ್ನೆ. ಬಾಲಿ ದ್ವೀಪದ ಹುಲಿ ಹೋಯಿತು, ಜಾವಾದ ಹುಲಿಯೂ ಹೋಯಿತು. ಸುಮಾತ್ರಾದ ಕಾಡುಗಳಲ್ಲಿ ಉಳಿದಿರುವುದು 600ಕ್ಕಿಂತ ಕಡಿಮೆ ಎಂಬ ಅಂದಾಜಿದೆ. ಲಂಡನ್, ವಾಷಿಂಗ್ಟನ್ ಮುಂತಾದ ಕಡೆ ಯಾವ ಹುಲಿಗೆ ಯಾವುದು ಜೋಡಿ ಎಂಬುದನ್ನು ವಂಶಾವಳಿಯ ಪುಸ್ತಕ ನೋಡಿ, ರಕ್ತಸಂಬಂಧ ತಪ್ಪಿಸಿ ನಿರ್ಧರಿಸುತ್ತಾರೆ. ಮದುವೆಗೆ ಗೋತ್ರ ನೋಡುವಂತೆಯೇ. ಕಾಡಿನಲ್ಲಿ ಎಲ್ಲವೂ ಮುಗಿದುಹೋದರೆ ಒಂದು ಬೀಜವಾದರೂ ಉಳಿಯಲಿ ಎಂಬುದು ಇದರ ಉದ್ದೇಶ. ಆದರೆ ಬೀಜ ಉಳಿಯುವುದು ಬೇರೆ, ಬಿತ್ತುವುದು ಬೇರೆ. ಮನುಷ್ಯರ ಕೈಯಿಂದ ಮಾಂಸ ತಿಂದು, ಮನುಷ್ಯರ ಭಯವಿಲ್ಲದೆ ಬೆಳೆದ ಹುಲಿಯನ್ನು ಕಾಡಿಗೆ ಬಿಟ್ಟರೆ ಅದು ಜಿಂಕೆಯನ್ನು ಹುಡುಕುವ ಬದಲು ಊರಿನ ಕೊಟ್ಟಿಗೆಯನ್ನು ಹುಡುಕೀತು. 2011ರಲ್ಲಿ ಪನ್ನಾ ಕಾಡಿಗೆ ಬಿಟ್ಟ ಕಾನ್ಹಾದ ತಬ್ಬಲಿ ಹೆಣ್ಣುಹುಲಿಗಳ ಪ್ರಯೋಗ ಫಲಿಸಿತು ನಿಜ. ಆದರೆ ಅವು ಕಾಡಿನಲ್ಲೇ ಹುಟ್ಟಿದ ಮರಿಗಳು. ಮನುಷ್ಯರ ಒಡನಾಟದಿಂದ ದೂರವಿರಿಸಿ, ಬೇಟೆ ಕಲಿಯಲು ಬಿಟ್ಟು ಬೆಳೆಸಿದ್ದವು.

ಭಾರತದ ಪರಿಸ್ಥಿತಿ ಸುಮಾತ್ರಾದಂಥದಲ್ಲ. 2022ರ ಗಣತಿಯ ಪ್ರಕಾರ ದೇಶದಲ್ಲಿ ಸರಾಸರಿ 3,682 ಹುಲಿಗಳಿದ್ದವು, ಕರ್ನಾಟಕದಲ್ಲಿ 563. ಇಲ್ಲಿ ಹುಲಿಯನ್ನು ಉಳಿಸಿದ್ದು ಮೃಗಾಲಯವಲ್ಲ, 1973ರಲ್ಲಿ ಆರಂಭವಾದ ಹುಲಿ ಯೋಜನೆ, ಬಂಡೀಪುರದಂಥ ಕಾಡುಗಳು, ಮಳೆಗಾಲದಲ್ಲೂ ಕಾಡು ಸುತ್ತುವ ಅರಣ್ಯ ಸಿಬ್ಬಂದಿ. ಮೃಗಾಲಯದ ಮರಿಯ ಕೆಲಸ ಬೇರೆ. ಬಂಡೀಪುರಕ್ಕೆ ನಾಲ್ಕು ಸಲ ಹೋದರೂ ಹುಲಿ ಕಾಣದೆ ಬಂದ ಮನೆಗಳಲ್ಲಿ, ಹುಲಿಯೆಂದರೆ ಕ್ಯಾಲೆಂಡರಿನ ಚಿತ್ರವಲ್ಲ, ಉಸಿರಾಡುವ ಜೀವ ಎಂಬುದು ಮಗುವಿಗೆ ಮೊದಲು ಗೊತ್ತಾಗುವುದು ಆ ಕಂದಕದ ಮುಂದೆಯೇ. ಅದಕ್ಕಾಗಿ ಒಂದು ಹುಲಿ ತನ್ನ ಆಯುಷ್ಯವೆಲ್ಲ ಒಂದು ಅಂಗಳದಲ್ಲಿ ಕಳೆಯಬೇಕೆ ಎಂಬ ಪ್ರಶ್ನೆ ಹಾಗೆಯೇ ಉಳಿಯುತ್ತದೆ. ಶಾಲೆಯ ಚರ್ಚಾಸ್ಪರ್ಧೆಗೆ ಇಡಬಹುದಾದ ವಿಷಯ. ಎರಡೂ ಕಡೆಯವರಿಗೆ ಹೇಳಲು ಬೇಕಾದಷ್ಟಿದೆ.

ಕೊನೆಗೆ ಆ ದಿನ ಬರುತ್ತದೆ. ಮಗು ಹೊಸಿಲು ದಾಟಿದಾಗ ಮನೆಗಳಲ್ಲಿ ಸಿಹಿ ಮಾಡುವುದುಂಟು. ಇಲ್ಲಿ ಪಾಲಕರು ಮಾಡುವುದು ಬಾಗಿಲು ಎತ್ತಿ ಸುಮ್ಮನಿರುವುದು. ಸಾಮಾನ್ಯವಾಗಿ ಮೊದಲು ಹೊರಬರುವುದು ತಾಯಿ. ಅಂಗಳವನ್ನೆಲ್ಲ ಮೂಸಿ, ಮತ್ತೆ ಬಾಗಿಲ ಬಳಿ ಹೋಗಿ ನಿಲ್ಲುತ್ತದೆ. ಹುಲಿಯ ಕಿವಿಯ ಹಿಂಬದಿಯಲ್ಲಿ ಕಪ್ಪಿನ ನಡುವೆ ಒಂದೊಂದು ಬಿಳಿ ಬೊಟ್ಟು ಇರುತ್ತದೆ. ದಟ್ಟ ಹುಲ್ಲಿನಲ್ಲಿ ಹಿಂದೆ ಬರುವ ಮರಿಗಳಿಗೆ ಅದೇ ಗುರುತು ಎಂಬ ಊಹೆಯಿದೆ. ಮರಿಗಳು ಬಾಗಿಲವರೆಗೆ ಬಂದು ಇಣುಕಿ ಒಳಗೆ ಓಡಬಹುದು. ಅಂದು ಪೂರ್ತಿ ಹೊರಗೆ ಬಾರದೆಯೂ ಇರಬಹುದು. ಯಾರೂ ದಬ್ಬುವುದಿಲ್ಲ, ಒಳಗಿನ ಬಾಗಿಲು ತೆರೆದೇ ಇರುತ್ತದೆ. ಗಂಟೆಗಟ್ಟಲೆ ಕಾದು ನಿಂತವರಿಗೆ ಬಾಲದ ತುದಿ ಮಾತ್ರ ಕಂಡರೆ ಅದು ಅವರ ಅದೃಷ್ಟ.

ನಮ್ಮಲ್ಲಿ ಮೃಗಾಲಯದ ಪ್ರಾಣಿಗಳನ್ನು ಕೆಣಕುವುದು, ಅವುಗಳಿಗೆ ತಿಂಡಿ ಎಸೆಯುವುದು, ಗದ್ದಲ ಮಾಡಿ ಕಾಡುವುದು ವನ್ಯಜೀವಿ ಸಂರಕ್ಷಣಾ ಕಾಯಿದೆಯಂತೆ ಅಪರಾಧ. ಕಾಯಿದೆಯ ಭಯ ಬಿಟ್ಟರೂ ಸುಮ್ಮನಿರುವುದಕ್ಕೆ ಇನ್ನೊಂದು ಕಾರಣವಿದೆ. ಹುಲಿಗಳು ಹತ್ತಿರದವರನ್ನು ಕಂಡಾಗ ಬಾಯಿ ಮುಚ್ಚಿಕೊಂಡು, ಮೂಗಿನಿಂದ ಫರ್‌ರ್ ಎಂದು ಮೆಲ್ಲಗೆ ಉಸಿರು ಬಿಡುತ್ತವೆ. ತಾಯಿ ಮರಿಗೆ, ಮರಿ ತಾಯಿಗೆ ಹೇಳುವ ಮಾತು ಅದು. ಅನುಭವಿ ಪಾಲಕರು ಅದೇ ಸದ್ದು ಮಾಡಿ ಹುಲಿಗಳನ್ನು ಮಾತಾಡಿಸುವುದೂ ಉಂಟು. ಬಹಳ ಸಣ್ಣ ಸದ್ದು. ಶಾಲಾ ಪ್ರವಾಸದ ಗುಂಪು ಮುಂದೆ ಹೋಗಲು ಬಿಟ್ಟು, ಬೆಳಗಿನ ತಂಪು ಹೊತ್ತಿನಲ್ಲಿ ಐದು ನಿಮಿಷ ಬಾಯಿ ಮುಚ್ಚಿಕೊಂಡು ನಿಂತ ಮಗುವಿಗೆ ಅದು ಕೇಳಿಸಲೂಬಹುದು. ಮಂಗಳವಾರ ಮಾತ್ರ ಹೊರಡಬಾರದು; ಮೈಸೂರು, ಬನ್ನೇರುಘಟ್ಟ ಎರಡಕ್ಕೂ ಅಂದು ವಾರದ ರಜೆ.